ಎಪ್ಪತ್ತರ ದಶಕದ ಉಡುಗೆಯಲ್ಲಿ ಕುಣಿಯುವುದು ಹೇಗೆ?

ಪ್ರಶ್ನೆ: ಧಾರವಾಡದವಳು, ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಉದ್ಯೋಗ. ಕಚೇರಿಯ ಡ್ಯಾನ್ಸ್ ಪಾರ್ಟಿಗೆ 1970ರ ದಶಕದ ಉಡುಗೆಯೇ ಆಗಬೇಕಂತೆ. ಅಮ್ಮನ ಹಳೆಯ ರೇಷ್ಮೆ ಸೀರೆ ಉಡಲೇ, ಬೆಲ್‌ಬಾಟಂ ಹೊಲಿಸಲೇ? ಉಳಿದಿರುವುದು ಹತ್ತು ದಿನ.

ವಸ್ತ್ರವಿನ್ಯಾಸಕಿಯ ಉತ್ತರ: ರೇಷ್ಮೆ ಸೀರೆಯನ್ನು ದಯವಿಟ್ಟು ಬಿಟ್ಟುಬಿಡಿ. ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಬೆವರು ತಾಗಿ ಜರಿ ಕಪ್ಪಾಗುತ್ತದೆ. ಈಗಾಗಲೇ ಸೀಳಿದ್ದರೆ ನೀವೇ ಸೂಜಿ ಹಾಕಬೇಡಿ, ರಫೂ ಮಾಡುವವರಿಗೆ ತೋರಿಸಿ.

ಸೀರೆಯೇ ಬೇಕೆಂದರೆ ಜಾರ್ಜೆಟ್ ಕೊಂಡು ‘ಮುಮ್ತಾಜ್ ಸೀರೆ’ಯಂತೆ ಹೊಲಿಸಿ. 1968ರ ‘ಬ್ರಹ್ಮಚಾರಿ’ ಹಿಂದಿ ಚಿತ್ರದಲ್ಲಿ ಮುಮ್ತಾಜ್ ಕುಣಿದದ್ದು ಅಂಥದ್ದರಲ್ಲೇ. ನೆರಿಗೆಯನ್ನು ಮೊದಲೇ ಹೊಲಿದಿರುವುದರಿಂದ ಜಾರುವ ಭಯವಿಲ್ಲ. ಮಂಡಿಯ ಬಳಿ ಮಾತ್ರ ಸಡಿಲವಿರಲಿ.

ನನ್ನ ಆಯ್ಕೆ ಬೆಲ್‌ಬಾಟಂ. ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಬಟ್ಟೆ ಆರಿಸಿ ನಾಳೆಯೇ ದರ್ಜಿಗೆ ಕೊಡಿ. ಸೊಂಟ ಎತ್ತರಕ್ಕಿರಲಿ, ತೊಡೆ ಬಿಗಿಯಿರಲಿ, ಮಂಡಿಯಿಂದ ಕೆಳಗೆ ಅಗಲವಾಗಲಿ. ಅಳತೆಗೆ ಹೋಗುವಾಗ ಅಂದು ಹಾಕುವ ಚಪ್ಪಲಿಯನ್ನೇ ಹಾಕಿಕೊಳ್ಳಿ. ಅಂಚು ನೆಲದಿಂದ ಅರ್ಧ ಇಂಚು ಮೇಲಿರಬೇಕು. ಇಲ್ಲದಿದ್ದರೆ ಕಾಲಿಗೆ ಸಿಕ್ಕಿ ಬೀಳುತ್ತೀರಿ. ಮೇಲಕ್ಕೆ ದೊಡ್ಡ ಚುಕ್ಕಿಯ ಶರ್ಟ್ ಸಾಕು. 1973ರ ‘ಬಾಬಿ’ ಹಿಂದಿ ಚಿತ್ರ ಬಂದ ಮೇಲೆ ಚುಕ್ಕಿ ಎಲ್ಲರ ಮೈಮೇಲೂ ಏರಿತ್ತು. ಬಳೆ, ಓಲೆಗೆ ಕೋಠಿಯ ಸುಲ್ತಾನ್ ಬಜಾರ್. ಕನ್ನಡದ ಛಾಪು ಬೇಕಿದ್ದರೆ ‘ಶರಪಂಜರ’ (1971) ಚಿತ್ರದ ನಟಿ ಕಲ್ಪನಾ ಅವರನ್ನು ನೋಡಿ ತುರುಬು ಆರಿಸಿ. ಎಷ್ಟು ಚೆಂದದ ಕಾಲ ಅದು!

ಹಿಂದಿನ ದಿನ ಎಲ್ಲ ತೊಟ್ಟು ಹತ್ತು ನಿಮಿಷ ಕುಣಿಯಿರಿ, ಕೂತು ಏಳಿರಿ. ಕಣಕಾಲು ಉಳುಕಿದ ಇತಿಹಾಸವಿದ್ದರೆ ದಪ್ಪ ಅಟ್ಟೆಯ ಎತ್ತರದ ಚಪ್ಪಲಿ ಕೊಳ್ಳುವ ಮೊದಲು ಮೂಳೆ ವೈದ್ಯರನ್ನು ಕೇಳಿ.