ಮಳೆಗಾಲದ ಒದ್ದೆ ಬಟ್ಟೆ ಮತ್ತು ಮನೆಯವರ ಉಸಿರಾಟ

ಮಲೆನಾಡಿನಲ್ಲಿ ಆಷಾಢ, ಶ್ರಾವಣಗಳ ಜಡಿಮಳೆ ಹಿಡಿದರೆ ಬಟ್ಟೆಗಳನ್ನು ಮನೆಯೊಳಗೇ ಹರವುವುದು ಅನಿವಾರ್ಯ. ಆದರೆ ಬಟ್ಟೆಯಿಂದ ಆರಿದ ನೀರು ಮಾಯವಾಗುವುದಿಲ್ಲ. ಯಂತ್ರದಲ್ಲಿ ಹಿಂಡಿದ ಒಂದು ಸಲದ ಬಟ್ಟೆಯೂ ಸುಮಾರು 2 ಲೀಟರ್ ನೀರನ್ನು ಕೋಣೆಯ ಗಾಳಿಗೆ ಸೇರಿಸುತ್ತದೆ. ಆ ತೇವದಿಂದ ಗೋಡೆಗೆ ಬೂಷ್ಟು ಹಿಡಿಯುತ್ತದೆ; ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಕೀಟಗಳು ಹೆಚ್ಚುತ್ತವೆ. ಅಸ್ತಮಾ, ಅಲರ್ಜಿ ಉಳ್ಳವರಿಗೆ ಇವೆರಡೂ ಬಾಧಕ.

ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಕಿಟಕಿ ತೆರೆದರೂ ಹೆಚ್ಚು ಫಲವಿಲ್ಲ. ಆಗ ತೇವಾಂಶ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ನೆರವಾಗುತ್ತದೆ. ಅದು ಗಾಳಿಯನ್ನು ತಣ್ಣನೆಯ ಸುರುಳಿಯ ಮೇಲೆ ಹಾಯಿಸುತ್ತದೆ; ತೇವವು ಹನಿಗಟ್ಟಿ ತೊಟ್ಟಿಗಿಳಿದು, ಒಣಗಾಳಿ ಹೊರಬರುತ್ತದೆ. ಸಣ್ಣ ಕೋಣೆಯಲ್ಲಿ ಬಟ್ಟೆಗಳನ್ನು ಬಿಡಿಬಿಡಿಯಾಗಿ ಹರವಿ, ಬಾಗಿಲು ಕಿಟಕಿ ಮುಚ್ಚಿ ಇದನ್ನು ನಡೆಸಬೇಕು. ತೇವಾಂಶವು ಶೇ. 50ರ ಆಸುಪಾಸಿನಲ್ಲಿದ್ದರೆ ಸಾಕು. ತೊಟ್ಟಿಯನ್ನು ನಿತ್ಯ ಬರಿದುಮಾಡಿ ತೊಳೆಯಬೇಕು. ಆ ನೀರು ಕುಡಿಯಲು ಯೋಗ್ಯವಲ್ಲ.

ಯಂತ್ರವಿಲ್ಲದವರು ಬಟ್ಟೆಗಳನ್ನು ಚೆನ್ನಾಗಿ ಹಿಂಡಿ, ಮಲಗುವ ಕೋಣೆಯನ್ನು ಬಿಟ್ಟು ಬೇರೆಡೆ ಫ್ಯಾನಿನ ಗಾಳಿಗೆ ಹರವಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಒಣಗಿಸುವುದು ಮಾತ್ರ ಸರ್ವಥಾ ಸಲ್ಲದು. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಅದು ಪ್ರಾಣ ತೆಗೆಯಬಲ್ಲದು. ಬಟ್ಟೆ ಒಂದು ದಿನ ತಡವಾಗಿ ಒಣಗಿದರೆ ನಷ್ಟವೇನೂ ಇಲ್ಲ.