'ಇನ್‌ಸ್ಟಿಂಕ್ಟಿವ್ಲಿ': ಒಂದು ಪದ, ಒಂದು ಅವಧಿ

ಒಂಬತ್ತನೇ ತರಗತಿಯ ಪಾಠಾಭ್ಯಾಸಕ್ಕೆ ನಾನು 'ಇನ್‌ಸ್ಟಿಂಕ್ಟಿವ್ಲಿ' ಎಂಬ ಒಂದೇ ಕ್ರಿಯಾವಿಶೇಷಣವನ್ನು ಆರಿಸಿಕೊಂಡೆ. ಅರ್ಥವನ್ನು ಬಾಯಿಪಾಠ ಮಾಡಿದ ಮಕ್ಕಳೂ ವಾಕ್ಯದಲ್ಲಿ ಎಡವುವುದು ಇಂಥ ಪದಗಳಲ್ಲೇ.

ಕಾದ ಹಂಚಿಗೆ ಬೆರಳು ತಾಗಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. 'ಕೈ ಎಳೆದುಕೊಳ್ಳುತ್ತೇವೆ' ಎಂದರು. 'ಯೋಚಿಸಿಯೇ?' 'ಇಲ್ಲ!' ಆಗ ಕಪ್ಪುಹಲಗೆಯ ಮೇಲೆ ಬರೆದೆ: 'ಶಿ ಇನ್‌ಸ್ಟಿಂಕ್ಟಿವ್ಲಿ ಪುಲ್ಡ್ ಹರ್ ಹ್ಯಾಂಡ್ ಬ್ಯಾಕ್.'

ಮಕ್ಕಳು ಇದನ್ನು 'ಥಟ್ಟನೆ' ಎಂದು ಕನ್ನಡಿಸಿದರು. ಹಾಗಾದರೆ 'ಸಡನ್ಲಿ' ಸಾಕಲ್ಲವೇ? ವ್ಯತ್ಯಾಸಕ್ಕೆ 'ದಿ ರೇನ್ ಸ್ಟಾಪ್ಡ್ ಸಡನ್ಲಿ' ಎಂಬ ವಾಕ್ಯ ಕೊಟ್ಟೆ. ಇಲ್ಲಿ 'ಇನ್‌ಸ್ಟಿಂಕ್ಟಿವ್ಲಿ' ಸಲ್ಲದು. ಮಳೆಗೆ ಸಹಜಪ್ರವೃತ್ತಿ ಎಲ್ಲಿಯದು? 'ಸಡನ್ಲಿ' ಎಂದರೆ ಅನಿರೀಕ್ಷಿತವಾಗಿ. 'ಇನ್‌ಸ್ಟಿಂಕ್ಟಿವ್ಲಿ' ಎಂದರೆ ಯೋಚನೆಗೆ ಮೊದಲೇ, ಒಳಗಿನ ಪ್ರೇರಣೆಯಿಂದ. 'ಕರುವಿಗೆ ಹೇಳಬಹುದಾ, ಸರ್?' ಎಂದು ಒಬ್ಬಳು ಕೇಳಿದಳು. ಹೇಳಬಹುದು, ಆಗತಾನೇ ಹುಟ್ಟಿದ ಕರು ಕೆಚ್ಚಲು ಹುಡುಕುವುದು ಹೀಗೆಯೇ. ಬಾಗಿಲು ತಾನಾಗಿ ಮುಚ್ಚಿದರೆ ಮಾತ್ರ 'ಆಟೊಮ್ಯಾಟಿಕಲಿ'.

ಇನ್ನೊಂದು ತೊಡಕು ಪದದ ಸ್ಥಾನ. 'ಕೈಯನ್ನು ಥಟ್ಟನೆ ಎಳೆದಳು' ಎಂಬಲ್ಲಿ ಕ್ರಿಯಾವಿಶೇಷಣವು ಕರ್ಮಕ್ಕೂ ಕ್ರಿಯಾಪದಕ್ಕೂ ನಡುವೆ ಇದೆ. ಇದೇ ರೂಢಿಯಲ್ಲಿ ಕೆಲವರು 'ಪುಲ್ಡ್ ಇನ್‌ಸ್ಟಿಂಕ್ಟಿವ್ಲಿ ಹರ್ ಹ್ಯಾಂಡ್' ಎಂದು ಜೋಡಿಸಿದರು. ಇಂಗ್ಲಿಷಿನಲ್ಲಿ ಆ ನಡುವಿನ ಜಾಗ ಸಲ್ಲದು. ಕ್ರಿಯಾಪದಕ್ಕೆ ಮುಂಚಿನ ಜಾಗವೇ ವಾಡಿಕೆ. ಮಿಂಚುಪಟ್ಟಿಗಳನ್ನು ಕೈಯಾರೆ ಸರಿಸಿ ನೋಡಿದಾಗ ಇದು ಬೇಗ ಮನದಟ್ಟಾಯಿತು.

ಮೌಲ್ಯಮಾಪನದಲ್ಲಿ ನಾನು ಅರ್ಥ ಕೇಳಲಿಲ್ಲ. ನಾಲ್ಕು ಸಂದರ್ಭ ಕೊಟ್ಟು, ಈ ಪದ ಎಲ್ಲಿ ಸಲ್ಲುತ್ತದೆ, ಏಕೆ ಎಂದು ಕೇಳಿದೆ. ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗೂ ನನ್ನ ಸಲಹೆ ಅದೇ: ಆ 'ಏಕೆ'ಗೆ ಸಮಯ ಕೊಡಿ.