ಮಡಕೆಗೆ ಪಾಯಸ ಸುರಿದವರು ಯಾರು?

ಮನೆಯಲ್ಲಿ ಗೊಬ್ಬರ ಮಾಡಿದರೆ ಹುಳ ಬರುತ್ತಂತಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಬರುತ್ತೆ, ಬರಲಿ ಬಿಡಿ. ನನಗೆ ಹುಳದಿಂದ ತೊಂದರೆಯಾಗಿಲ್ಲ, ನೆಂಟರಿಂದ ಆಗಿದೆ.

ಬೆಂಗಳೂರಿನವರಿಗೆ ಕಸದ ಕಥೆ ಹೊಸದಾಗಿ ಹೇಳಬೇಕಿಲ್ಲ. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಜಾಗ ಬಂದ್ ಆದಾಗ ಬೀದಿ ಮೂಲೆಗಳು ನಾರಿದ್ದು, ಆಮೇಲೆ ಮಂಡೂರಿನವರು ನಿಮ್ಮ ಕಸ ನಮಗೆ ಬೇಡ ಎಂದು ಪಟ್ಟು ಹಿಡಿದದ್ದು ನೆನಪಿದ್ದೇ ಇರುತ್ತದೆ. ನಮ್ಮ ಮನೆಯ ತಂಗಳು, ಸಿಪ್ಪೆ ಯಾರದೋ ಊರಲ್ಲಿ ಕೊಳೆಯುವುದು ಬೇಡವೆಂದು ತಾರಸಿ ಮೇಲೆ ತೂತಿನ ಮಡಕೆಗಳನ್ನಿಟ್ಟೆ. ತಳಕ್ಕೆ ತೆಂಗಿನ ನಾರು, ಒಂದು ಪದರ ಹಸಿಕಸ, ಮೇಲೆ ತರಗೆಲೆ, ಆಗಾಗ ಒಂದಿಷ್ಟು ಹುಳಿ ಮಜ್ಜಿಗೆ. ಅಷ್ಟಕ್ಕೇ ಮನೆಯಿಂದ ಹೊರಹೋಗುವ ಕಸ ಅರ್ಧಕ್ಕಿಂತ ಕಮ್ಮಿಯಾಯಿತು.

ಹುಳವೂ ಬಂತು. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳ ಅದು; ಕಚ್ಚುವುದಿಲ್ಲ, ಕಸವನ್ನು ಗಬಗಬ ತಿಂದು ಮುಗಿಸುತ್ತದೆ. ಮಡಕೆಯೊಳಗೆ ನೀರು ಹೆಚ್ಚಾದರೆ ಮಾತ್ರ ಎಲ್ಲವೂ ಒಟ್ಟಿಗೆ ಒಣಜಾಗ ಹುಡುಕಿಕೊಂಡು ಹೊರಡುತ್ತವೆ. ಇದು ನನಗೆ ಗೊತ್ತಿತ್ತು. ನನ್ನ ಓರಗಿತ್ತಿಗೆ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ.

ಗೌರಿಹಬ್ಬದ ರಾತ್ರಿ ಜಿಟಿಜಿಟಿ ಮಳೆ. ಚೌತಿ ಬೆಳಿಗ್ಗೆ ಮಾವನವರು ಮಡಿಯುಟ್ಟು ಗಣಪತಿಗೆ ಗರಿಕೆ ಏರಿಸುತ್ತಿದ್ದರು. ನಾನು ಒಲೆ ಮುಂದೆ ಕಡುಬಿನ ಹಬೆ ನೋಡುತ್ತಿದ್ದೆ. ಮೈದುನನ ಮಗ ಓಡಿಬಂದು, "ದೊಡ್ಡಮ್ಮಾ, ಮೆಟ್ಟಿಲು ಅಲ್ಲಾಡ್ತಾ ಇದೆ" ಅಂದ. ಹೋಗಿ ನೋಡಿದರೆ ತಾರಸಿಯ ಮೆಟ್ಟಿಲಿನಿಂದ ನಡುಮನೆಯವರೆಗೆ ಹುಳಗಳೇ ಹುಳಗಳು. ಕೆಲವು ಬಿಳಿ, ಬಲಿತವು ಕಪ್ಪುಗಂದು, ಚಪ್ಪಟೆ, ಮೈತುಂಬ ಗೆರೆ. ಒಂದಂತೂ ರಂಗೋಲಿಯ ಮೇಲೆ ಹಾದು, ಪುಡಿ ಮೆತ್ತಿಕೊಂಡ ಮೈಯಲ್ಲೇ ಮಂಟಪದ ಬಾಳೆಕಂದಿನ ಬುಡಕ್ಕೆ ನಡೆದಿತ್ತು. ಪೊರಕೆ, ಮೊರ ತಂದೆ. ಗುಡಿಸಿದಷ್ಟೂ ಮೊರದ ಅಂಚಿನಿಂದ ಮತ್ತೆ ಕೆಳಗಿಳಿಯುತ್ತಿದ್ದವು. ಮಾವನವರು ಮಂತ್ರ ನಿಲ್ಲಿಸಲಿಲ್ಲ, ಕಾಲು ಮಾತ್ರ ಮಣೆಯ ಮೇಲಕ್ಕೆ ಎಳೆದುಕೊಂಡರು. ಅತ್ತೆ, "ಹಬ್ಬದ ದಿನ ಇದೇನಮ್ಮ ನಿನ್ನ ಅವತಾರ?" ಎಂದರು. ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಓರಗಿತ್ತಿ, "ಅಕ್ಕ, ನಾನು ಮೊದಲೇ ಹೇಳಿದ್ದೆ, ಇವೆಲ್ಲ ನಮ್ಮಂಥವರಿಗಲ್ಲ" ಎಂದಳು. ಹಿಂದಿನಿಂದ ಕುಕ್ಕರ್ ಬೇರೆ ಕೂಗುತ್ತಿತ್ತು.

ಮೇಲೆ ಹೋಗಿ ಮುಚ್ಚಳ ತೆಗೆದೆ. ಗಪ್ಪೆಂದು ಹುಳಿ ನಾತ. ತರಗೆಲೆಯ ಮೇಲೆ ಶ್ಯಾವಿಗೆ ಪಾಯಸ, ದ್ರಾಕ್ಷಿ ಗೋಡಂಬಿ ಸಮೇತ. ಪಕ್ಕದಲ್ಲೇ ಮಿಕ್ಕಿದ ಹುಳಿಯ ನುಗ್ಗೆಕಾಯಿ. ಕೆಳಗೆ ಬಂದು ಕೇಳಿದರೆ, "ಚೆಲ್ಲೋಕೆ ಮನಸ್ಸು ಬರಲಿಲ್ಲ ಅಕ್ಕ, ನಿಮ್ಮ ಗೊಬ್ಬರಕ್ಕಾದರೂ ಆಗಲಿ ಅಂತ..." ಎಂದು ಅವಳೇ ಒಪ್ಪಿಕೊಂಡಳು. ಅತ್ತೆಯವರ ದೃಷ್ಟಿಯಲ್ಲಿ ತಪ್ಪು ಇಂದಿಗೂ ನನ್ನದೇ.

ನಾತದ ವಿಷಯಕ್ಕೆ ಹಿಂದಿನ ಬೀದಿಯವರು ದೂರು ಕೊಟ್ಟು, ಕಸದ ಉಸ್ತುವಾರಿಯ ಸಾಹೇಬರೊಬ್ಬರು ಬಂದರು. ಅಷ್ಟರಲ್ಲಿ ನಾನು ಒಂದು ಚೀಲ ತರಗೆಲೆ, ಹರಿದ ಪೇಪರ್ ಹಾಕಿ ಕಲಸಿದ್ದೆ, ವಾಸನೆ ಹೋಗಿತ್ತು. ಆದರೂ ಮೂಗು ಮುಚ್ಚಿಕೊಂಡೇ, "ಇದೆಲ್ಲ ಯಾಕೆ ಮೇಡಂ, ಆಟೋಗೆ ಕೊಟ್ಬಿಡಿ" ಎಂಬ ಉಪದೇಶ. ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡಯಾಪರಿಗೆ ಕೆಂಪು, ಒಣಕಸಕ್ಕೆ ಚೀಲ ಎಂದು ಹೈಕೋರ್ಟು 2015ರಲ್ಲೇ ಹೇಳಿದೆ. ನಾವು ಮೂರು ಮಾಡಿ ಕೊಟ್ಟದ್ದನ್ನು ಆಟೋದಲ್ಲಿ ಮತ್ತೆ ಒಂದು ಮಾಡಿ ಎಂದು ಯಾವ ಕೋರ್ಟು ಹೇಳಿತ್ತೋ, ಸಾಹೇಬರನ್ನು ಕೇಳಿದೆ. ಫೋನ್ ಬಂತೆಂದು ಹೊರಟುಬಿಟ್ಟರು.

ಹೊಸದಾಗಿ ಶುರು ಮಾಡುವವರು ಹಸಿಕಸಕ್ಕಿಂತ ಮೊದಲು ತರಗೆಲೆ ಕೂಡಿಡಿ. ಪಾರ್ಕಿನಲ್ಲಿ ಗುಡಿಸುವವರನ್ನು ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ. ಸಾರು, ಹುಳಿಯನ್ನು ಜಾಲರಿಯಲ್ಲಿ ಬಸಿದು ಚರಟ ಮಾತ್ರ ಹಾಕಿ. ಕೈಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಇನ್ನಷ್ಟು ಎಲೆ ಬೇಕೆಂದು ಅರ್ಥ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರನ್ನು ಯಾರೂ ಆಯುವುದಿಲ್ಲ. ಕವರನ್ನು ತೊಳೆದು ಒಣಗಿಸಿ ಕೊಡಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ, ಕಸ ಬಿಡಿಸುವ ಹೆಂಗಸರು ಅದನ್ನು ಬಿಚ್ಚಿ ನೋಡುವಂತಾಗಬಾರದು. ಮೀನು, ಕೋಳಿ, ದೋಸೆಹಿಟ್ಟು ತರಲು ಸ್ಟೀಲ್ ಡಬ್ಬ ಒಯ್ಯಿರಿ. ಅಂಗಡಿಯವರು ಮೊದಮೊದಲು ನಗುತ್ತಾರೆ, ಆಮೇಲೆ ತಾವೇ ಕೈಚಾಚುತ್ತಾರೆ.

ಓರಗಿತ್ತಿ ಈಗಲೂ ಗೌರಿಹಬ್ಬಕ್ಕೆ ಬರುತ್ತಾಳೆ, ಹೋಗುವಾಗ ಗುಲಾಬಿ ಕುಂಡಕ್ಕೆಂದು ಒಂದು ಕವರ್ ಗೊಬ್ಬರ ಕೇಳಿ ಒಯ್ಯುತ್ತಾಳೆ. ಆ ರಾತ್ರಿ ತಾರಸಿ ಬಾಗಿಲಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ.